ಗೂಬೆಯ ಫೋಟೋಗೆ ಹಾರ

ಸತ್ತವರಿಗೊಂದು ಫೋಟೋ ಬೇಕು. ಬದುಕಿದ್ದಾಗ ಮುಖ ನೋಡಲು ಪುರುಸೊತ್ತಿಲ್ಲದವರೂ ಆಮೇಲೆ ಬಂದು ಗೋಡೆಯಲ್ಲಿ ಮುಖ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಅವರಿಗೆ ಸಿಗುತ್ತಿದ್ದುದು ಗೂಬೆಗಳ ಮುಖ ಮಾತ್ರ.

ಅದಕ್ಕೆ ಕಾರಣ ನನ್ನ ಹೆಂಡತಿ ರತ್ನ. ಅಂಗನವಾಡಿ ಕೆಲಸದಿಂದ ನಿವೃತ್ತಳಾದ ಮೇಲೆ ಹಳೆಯ ಕ್ಯಾಮೆರಾ ಒಂದನ್ನು ಕೊಂಡು, ಮಿಡಿಗೇಶಿ ಬೆಟ್ಟದ ಬುಡದಲ್ಲಿ ಗೂಬೆಗಳ ಫೋಟೋ ತೆಗೆಯಲು ಹೊರಟಳು. ಮಧುಗಿರಿಯಿಂದ ಇಬ್ಬರೂ ಬಸ್ಸಿನಲ್ಲಿ ಹೋಗಿ ಬಿಸಿಲಿಳಿಯುವ ಹೊತ್ತಿಗೆ ಬಂಡೆಯ ಎದುರು ನಿಂತರೆ, ತಲೆಯ ಮೇಲೆ ಕೊಂಬಿನಂಥ ಗರಿಗಳಿರುವ ದೊಡ್ಡ ಗೂಬೆಯೊಂದು ಸಂದಿನಿಂದ ಹೊರಬಂದು ನಮ್ಮಿಬ್ಬರನ್ನೂ ತಪಾಸಣೆ ಮಾಡುತ್ತಿತ್ತು. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು, "ಅಪಶಕುನದ ಹಕ್ಕಿ ಕಣಮ್ಮ, ನವಿಲು ಸಿಗ್ನಿಲ್ವಾ?" ಎಂದರು. "ನವಿಲಿನ ಫೋಟೋ ಎಲ್ರೂ ತೆಗೀತಾರೆ ಬುಡಜ್ಜ, ಇದನ್ನ ಕೇಳೋರ್ಯಾರು?" ಅಂದಳು ರತ್ನ.

ನನ್ನ ಕೆಲಸ ಟಿಫಿನ್ ಚೀಲ ಹಿಡಿದು ಸುಮ್ಮನಿರುವುದು. ಜೀವಮಾನವಿಡೀ ಬಸ್ಸಿನ ಬಾಗಿಲಲ್ಲಿ ನಿಂತು "ರೈಟ್, ರೈಟ್" ಎಂದು ಕೂಗಿದ ಕಂಡಕ್ಟರಿಗೆ ಅದೇನು ಸಣ್ಣ ಕೆಲಸವೇ? ಕೆಮ್ಮಿದರೆ ಗೂಬೆ ಹಾರಿಹೋಗುತ್ತಿತ್ತು, ಇವಳು ನನ್ನ ಮೇಲೆ ಹಾರಿಬೀಳುತ್ತಿದ್ದಳು. "ರೀ, ಆ ಕೆಮ್ಮನ್ನ ಮಿಡಿಗೇಶಿ ಸ್ಟ್ಯಾಂಡಲ್ಲೇ ಇಳಿಸ್ಬುಟ್ಟು ಬರಕ್ಕಾಗಲ್ವಾ?"

ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲಿಲ್ಲ. ವರ್ಷದ ತಿಥಿ ಹತ್ತಿರ ಬಂದಾಗ ಅವಳ ತಂಗಿ ಜಯಮ್ಮ ಶಿರಾದಿಂದ ಬಂದು, "ಅಕ್ಕನ ಫೋಟೋ ಎಲ್ಲಿ ಭಾವ?" ಎಂದಳು. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿದ ಬಾಸಿಂಗವಷ್ಟೇ ಇತ್ತು. ಆಧಾರ್ ಕಾರ್ಡಿನದರಲ್ಲಿ ಅವಳೇ ಬೆಳಕಿಗೆ ಬೆಚ್ಚಿದ ಗೂಬೆಯ ಹಾಗಿದ್ದಳು.

ಕ್ಯಾಮೆರಾ ಹಿಡಿದು ಇಬ್ಬರೂ ಸ್ಟುಡಿಯೋಗೆ ಹೋದೆವು. ಸ್ಟುಡಿಯೋದವರು ಒಂದೊಂದಾಗಿ ತೋರಿಸಿದರು: ಗೂಬೆ, ಗೂಬೆ, ಮತ್ತೆ ಗೂಬೆ. ಒಂದರಲ್ಲಿ ಮಾತ್ರ ಗೂಬೆಯ ಕೆಳಗೆ, ಸಂಜೆ ಬಿಸಿಲಿಗೆ ಬಂಡೆಯ ಮೇಲೆ ಬಿದ್ದ ಎರಡು ನೆರಳುಗಳು. ಒಂದು ಕ್ಯಾಮೆರಾ ಎತ್ತಿ ಹಿಡಿದ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸಿನದು. ಪಕ್ಕದ್ದು ಚೀಲ ಹಿಡಿದು ಸೊಟ್ಟಗೆ ನಿಂತ ನನ್ನದು. ಅವತ್ತು ಬೈದದ್ದು ನೆನಪಿದೆ: "ನಿಮ್ಮ ನೆರಳು ಬಿದ್ದು ಫೋಟೋ ಕೆಡ್ತು. ಮನೆಗೆ ಹೋಗಿ ಅಳಿಸ್ತೀನಿ." ಕೆಟ್ಟ ಫೋಟೋ ಒಂದನ್ನೂ ಉಳಿಸದವಳು ಇದನ್ನು ಅಳಿಸಿರಲಿಲ್ಲ.

"ಇದನ್ನೇ ದೊಡ್ಡದು ಮಾಡಿ" ಎಂದೆ.

ಜಯಮ್ಮ ಗಾಬರಿಯಾದಳು. "ಗೂಬೆಗೆ ಹಾರ ಹಾಕ್ತೀರಾ ಭಾವ? ಅದೂ ಹೋಗ್ಲಿ, ಬದುಕಿರೋ ನಿಮ್ಮ ನೆರಳ್ಗೂ ಹಾಕ್ದಂಗಾಯ್ತದಲ್ಲ!"

"ನಿಮ್ಮನ್ನ ಕಟ್ ಮಾಡ್ಬುಡಾಣ ಸರ್, ಒಂದ್ನಿಮಿಷದ ಕೆಲ್ಸ" ಎಂದರು ಸ್ಟುಡಿಯೋದವರು.

"ಬ್ಯಾಡ" ಎಂದೆ. "ಚೀಲ ಹಿಡ್ಕೊಳ್ಳೋರು ಬ್ಯಾಡ್ವಾ ಅವ್ಳಿಗೆ?"

ಜಯಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಈಗ ಅದು ಗೋಡೆಯ ಮೇಲಿದೆ. ತಿಥಿಯ ದಿನ ಜಯಮ್ಮ ಹಾರವನ್ನು ಅಕ್ಕನ ಕಡೆಗೆ ಎಷ್ಟು ಎಳೆದರೂ ಅದು ಜಾರಿ ನನ್ನ ಹೆಗಲಿಗೇ ಬಂತು. ಕುಂಕುಮ ಎಲ್ಲಿಡುವುದೆಂದು ತಿಳಿಯದೆ ಗೂಬೆಯ ಹಣೆಗಿಟ್ಟಳು. ಅಂದಿನಿಂದ ಗೂಬೆಗೂ ನಮ್ಮ ಮನೆಯವರ ಕಳೆ ಬಂದಿದೆ. ನನಗೀಗ ಒಂದೇ ತೊಂದರೆ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಎಷ್ಟು ಜೋರಾಗಿ ಬೇಕಾದರೂ ಕೆಮ್ಮಬಹುದು. ಆದರೂ ಕೆಮ್ಮು ಬಂದಾಗಲೆಲ್ಲ ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ಓಡುತ್ತೇನೆ.