ಎರಡು ಮನೆದೇವ್ರು, ಒಂದು ಎಣ್ಣೆ ಗಾಣ

ಚಿತ್ರದುರ್ಗದಲ್ಲಿ ತೆರಿಗೆ ಸಲಹೆಗಾರ ಅಂತ ಬೋರ್ಡು ಹಾಕ್ಕೊಂಡು ಇಪ್ಪತ್ತು ವರ್ಷ ಆಯ್ತು. ಹೊಸ ವ್ಯಾಪಾರ ಶುರು ಮಾಡೋರು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಸಾಕು, ಇವತ್ತು ಏನು ಕಾದಿದೆಯೋ ಶಿವನೇ ಅಂತ ಈಗಲೂ ಎದೆ ಹಿಡ್ಕೊಂಡು ಕೂರ್ತೀನಿ.

ಒಬ್ಬರೇ ಮಾಲೀಕರು

ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. ಒಬ್ಬರೇ ಮಾಲೀಕರಿರೋ ಕಂಪನಿ ಮಾಡಬಹುದಂತಲ್ಲ, ಅದೇ ಬೇಕು, ಪಾಲು-ಗೀಲಿನ ರಗಳೆನೇ ಬೇಡ ಅಂದರು. ಸುಲಭದ ಕೆಲಸ ಅಂತ ಖುಷಿಯಾಗಿ, ಆ ಒಬ್ಬರು ಯಾರು ಅಂತ ಕೇಳಿದೆ. ಜೊತೆಗೆ ಬಂದಿದ್ದ ನಾಲ್ವರು ತಮ್ಮಂದಿರದ್ದೂ ಸೇರಿ ಐದು ಆಧಾರ್ ಕಾರ್ಡು ಮೇಜಿನ ಮೇಲೆ ಬಂದವು. ನಾನು ಕಣ್ಣು ಬಿಟ್ಟಿದ್ದು ನೋಡಿ ಅವರೇ ಸಮಾಧಾನ ಮಾಡಿದರು: "ನಮ್ಮದು ಒಟ್ಟು ಕುಟುಂಬ ಸಾರ್, ಐದು ಜನ ಅಂತ ಎಣಿಸಬ್ಯಾಡ್ರಿ."

ದೇವರಿಗೆ ಬಿಟ್ಟದ್ದು

ಆಮೇಲೆ ಹಿರಿಯೂರಿನ ಹರಿಯಬ್ಬೆ ಕಡೆಯಿಂದ ಒಬ್ಬ ಭಾವ, ಒಬ್ಬ ಭಾಮೈದ ಬಂದರು. ಸೇರಿ ಶೇಂಗಾ ಎಣ್ಣೆ ಗಾಣ ಹಾಕ್ತಾರಂತೆ. ಭಾವನ ಹೆಂಡತಿ, ಅಂದ್ರೆ ಭಾಮೈದನ ಅಕ್ಕ, ಮೂಲೆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಪಾಲುದಾರಿಕೆ ಆದ್ರೆ ಖರ್ಚು ಕಮ್ಮಿ, ಆದ್ರೆ ವ್ಯಾಪಾರ ಮುಳುಗಿದರೆ ಮನೆ-ಹೊಲಕ್ಕೂ ಬಿಸಿ ತಟ್ಟುತ್ತೆ. ಕಂಪನಿ ಆದ್ರೆ ಮನೆ-ಹೊಲ ಬಚಾವು, ಕಾಗದದ ಕಾಟ ಜಾಸ್ತಿ ಅಂತ ಒಂದು ಗಂಟೆ ಗಂಟಲು ಹರ್ಕೊಂಡೆ. ಇಬ್ಬರೂ ಚೆನ್ನಾಗಿ ತಲೆದೂಗಿ, "ಎಲ್ಲಾ ಅರ್ಥ ಆತು ಸಾರ್, ದೇವ್ರತ್ರ ಹೂ ಕೇಳ್ಕಂಡು ಬರ್ತೀವಿ" ಅಂತ ಎದ್ದರು. ಹೂ ಬಲಕ್ಕೆ ಬಿದ್ದರೆ ಪಾಲುದಾರಿಕೆ, ಎಡಕ್ಕೆ ಬಿದ್ದರೆ ಕಂಪನಿ.

ಆಕೆ ಮಾತ್ರ ಹಿಂದೆ ಉಳಿದು ಮೆಲ್ಲಗೆ ಅಂದರು: "ಏನಾದ್ರೂ ಮಾಡ್ರಿ, ಇವರಿಬ್ರೂ ಮಾತು ಬಿಡದಂಗೆ ನೋಡ್ಕಳ್ರಿ. ಬಿಟ್ರೆ ನನಗೆ ತವರು ಇಲ್ದಂಗಾಗುತ್ತೆ." ತವರು ಉಳಿಸೋ ಫಾರಂ ನಾನಂತೂ ಯಾವ ವೆಬ್‌ಸೈಟಲ್ಲೂ ಕಂಡಿಲ್ಲ.

ಎರಡು ಹೂ

ವಾರ ಬಿಟ್ಟು ಮೂವರೂ ಬಂದರು, ಗಂಡಸರಿಬ್ಬರಲ್ಲಿ ಒಬ್ಬರ ಮುಖ ಆ ಕಡೆ, ಒಬ್ಬರದು ಈ ಕಡೆ. ಭಾವ ಹೋಗಿದ್ದು ತಮ್ಮ ಮನೆದೇವರ ಹತ್ರ, ಭಾಮೈದ ಹೋಗಿದ್ದು ತನ್ನ ಮನೆದೇವರ ಹತ್ರ. ಭಾವನಿಗೆ ಹೂ ಬಲಕ್ಕೆ ಬಿದ್ದಿತ್ತು, ಭಾಮೈದನಿಗೆ ಎಡಕ್ಕೆ. ಈಗ ಜಗಳ ಗಾಣದ್ದಲ್ಲ, ಯಾರ ದೇವರು ಸುಳ್ಳು ಅನ್ನೋದು. ಇನ್ನು ಅಕ್ಕನ ಮನೆ ಹೊಸ್ತಿಲು ತುಳಿಯಲ್ಲ ಅಂತ ಭಾಮೈದ ಎದ್ದೇಬಿಟ್ಟ. ಮೂಲೆಯಲ್ಲಿ ಆಕೆಯ ಮುಖ ಬಿಳಿಚಿಕೊಂಡಿತು.

ಗಾಬರಿಯಲ್ಲೇ ಹೇಳಿದೆ, ಎಲ್‌ಎಲ್‌ಪಿ ಅಂತ ಒಂದೈತೆ, ಅದು ಪಾಲುದಾರಿಕೆನೂ ಹೌದು, ಕಂಪನಿ ಥರ ಮನೆ-ಹೊಲಕ್ಕೆ ರಕ್ಷಣೆನೂ ಉಂಟು, ಎರಡೂ ದೇವರ ಮಾತು ನಿಲ್ಲುತ್ತೆ ಅಂತ. ಭಾವ ನನ್ನನ್ನೇ ದುರುಗುಟ್ಟಿ ನೋಡಿದರು. "ಇದನ್ನ ಮೊದ್ಲೇ ಹೇಳಿದ್ರೆ ದೇವ್ರಿಗೆ ಯಾಕೆ ತೊಂದ್ರೆ ಕೊಡ್ತಿದ್ವಿ?"

ಇಬ್ಬರ ಹೆಸರು

ಮಾರನೇ ದಿನ ಗಂಡಸರು ಬರಲಿಲ್ಲ. ಆಕೆ ಬಂದರು, ಜೊತೆಗೆ ಎಲೆ-ಅಡಿಕೆ ಮೆಲ್ಲುತ್ತಾ ಅವರ ಅತ್ತೆ. ಪಾಲುದಾರರು ಇಬ್ಬರಾದರೂ ಬೇಕು, ನಿಮ್ಮೋರೆಲ್ಲಿ ಅಂದೆ. ಇಬ್ರೂ ಒಪ್ಕಂಡವ್ರೆ, ಅವರು ಗಾಣ ನೋಡ್ಕಂತಾರೆ, ಹೆಸರು ಮಾತ್ರ ನಂದು, ನಮ್ಮತ್ತೆದು ಬರ್ಕಳ್ರಿ ಅಂದರು.

ಇಪ್ಪತ್ತು ವರ್ಷದಲ್ಲಿ ಅತ್ತೆ-ಸೊಸೆಯನ್ನ ಪಾಲುದಾರರು ಅಂತ ನಾನು ಬರೆದಿದ್ದೇ ಇಲ್ಲ. ಬೆವರು ಒರೆಸ್ಕೊಂಡು, ನಿಮ್ಮಿಬ್ಬರಿಗೆ ಹೊಂದುತ್ತಾ ತಾಯಿ ಅಂತ ಕೇಳಿದೆ.

"ಹದ್ನೆಂಟು ವರ್ಷದಿಂದ ದಿನಾ ಜಗಳ ಆಡ್ತೀವಿ ಸಾರ್, ಒಂದೇ ಒಲೇಲಿ ಬೇಯಿಸ್ಕಂಡು ಉಣ್ತೀವಿ" ಅಂದರು ಸೊಸೆ. "ಗಂಡಸ್ರಿಗೆ ಜಗಳ ಆಡಿ ರೂಢಿ ಇಲ್ಲ, ಒಂದೇ ಸಲಕ್ಕೆ ಮಾತು ಬಿಟ್ಬಿಡ್ತಾರೆ."

ಅತ್ತೆ ಎಲೆ-ಅಡಿಕೆ ಪಕ್ಕಕ್ಕೆ ಒತ್ತಿ, "ಹದ್ನೆಂಟಲ್ಲ, ಹತ್ತೊಂಬತ್ತು" ಅಂದರು. ಶುರುವಾಯ್ತು ನೋಡಿ. ಹದಿನೆಂಟೋ ಹತ್ತೊಂಬತ್ತೋ ಅಂತ ಕಿತ್ತಾಡ್ತಾ ಕಿತ್ತಾಡ್ತಾನೇ, ನಾನು ತೋರಿಸಿದ ಕಡೆಯಲ್ಲೆಲ್ಲ ಇಬ್ಬರೂ ಸಹಿ ಹಾಕಿದರು.