ಚುಕ್ಕಿ ಕಾಣಬೇಕಾದ ಸೂರು

“ರಸ್ತೆ ಬದೀಲಿ ಹಸಿರಾಗಿ ಏನೇ ಬಿದ್ದಿರ್ಲಿ, ಎತ್ತಿ ಲಾರಿಗೆ ಹಾಕಿ. ಯಾರನ್ನೂ ಕೇಳೋಕೆ ಹೋಗ್ಬೇಡಿ!”

ಬೆಳಿಗ್ಗೆ ಏಳಕ್ಕೆ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನ ಮೆಟ್ಟಿಲ ಮೇಲೆ ನಿಂತು, ಕಸ ಎತ್ತುವ ಲಾರಿಯವರಿಗೆ ಹೀಗೆ ಅಪ್ಪಣೆ ಕೊಟ್ಟವನು ಸಾಕ್ಷಾತ್ ಹರ್ಶೆಲ್ ಕ್ಲೈನ್‌ಮನ್ನೇ. ಆ ಮಾತು ಮಧ್ಯಾಹ್ನದೊಳಗೆ ತನ್ನ ಕುತ್ತಿಗೆಗೇ ಬರುತ್ತದೆಂದು ಪಾಪ ಅವನಿಗೇನು ಗೊತ್ತು?

ಲೂಯಿಸಿಯಾನದ ಕಡಲಂಚಿನ ಸೇಂಟ್ ಫೆಲಿಸ್ ಊರಿಗೆ ಚಂಡಮಾರುತ ಬಡಿದು ಹತ್ತು ದಿನವಾಗಿತ್ತು. ಹರ್ಶೆಲ್ ಚಪ್ಪಲಿ ಅಂಗಡಿಯವನು. ಹುಟ್ಟಿದಾಗಿನಿಂದ ಸುತ್ತಿಗೆ ಹಿಡಿದವನಲ್ಲ. ಆದರೆ ಅಕ್ಕಪಕ್ಕದವರ ನೆರವಿಗೆ ಸಿನಗಾಗಿನವರು ಪಡೆ ಕಟ್ಟಿದ ದಿನ ಅವನು ತಲೆನೋವೆಂದು ಸಭೆಗೆ ಹೋಗಿರಲಿಲ್ಲ. ಬಾರದವನನ್ನೇ ಮುಖ್ಯಸ್ಥನನ್ನಾಗಿ ಮಾಡುವುದು ಅಲ್ಲಿಯ ಹಳೇ ಪದ್ಧತಿ. ಅಂದಿನಿಂದ ಇಪ್ಪತ್ತು ಮನೆಗಳ ಸೂರು ಹತ್ತಿ, ಹೆಬ್ಬೆರಳು ಬದನೆಕಾಯಿಯಂತೆ ಊದಿಸಿಕೊಂಡಿದ್ದ.

ಅವನ ಸ್ವಂತ ಮಲಗುವ ಕೋಣೆಯ ಮೇಲೆ ಮಾತ್ರ ಎಮ್ಮೆ ಇಳಿಯುವಷ್ಟು ದೊಡ್ಡ ತೂತು ಹಾಗೇ ಇತ್ತು. ಅದನ್ನು ಮುಚ್ಚಲು ಎರಡು ಸಲ ತಗಡು ತರಿಸಿದ್ದ, ಎರಡು ಸಲವೂ ಬೇರೆಯವರ ಮನೆಗೆ ಕೊಟ್ಟುಬಿಟ್ಟಿದ್ದ. ನಿನ್ನೆ ಮೂರನೇ ಸಲದ್ದು ಬಂದು ಹಿತ್ತಲಲ್ಲಿ ಕೂತಿತ್ತು.

“ಈ ಸಲ ಇದನ್ನೂ ದಾನ ಮಾಡಿದ್ರೋ, ನಾನು ನನ್ನ ತಂಗಿ ಮನೆಗೆ ಹೊರಟೆ,” ಎಂದಿದ್ದಳು ಹೆಂಡತಿ ಬೆಸ್ಸಿ.

“ಇದರಲ್ಲಿ ಒಂದೇ ಒಂದು ತಗಡೂ ಬೇರೆಯವರ ಸೂರಿಗೆ ಹೋಗಲ್ಲ ಕಣೇ. ಮಾತು ಕೊಟ್ಟಿದ್ದೀನಿ. ಹಬ್ಬದ ಮೊದಲೆರಡು ದಿನ ಯಾವ ಕೆಲಸಾನೂ ಮಾಡೋ ಹಾಗಿಲ್ಲ, ಅದು ಕಳೀಲಿ, ಮೂರನೇ ದಿನ ಹೊಡೆಸ್ತೀನಿ.”

ಹಬ್ಬವೆಂದರೆ ಸುಕ್ಕೋತ್, ಮನೆಯ ಹೊರಗೆ ಗುಡಿಸಲು ಕಟ್ಟಿ ಅದರಲ್ಲೇ ಉಣ್ಣುವ ಯೆಹೂದ್ಯರ ಗುಡಿಸಲ ಹಬ್ಬ. ಸಿನಗಾಗಿನ ಗುಡಿಸಲಿನ ಸಾಮಾನೆಲ್ಲ ಶೆಡ್ಡಿನ ಸಮೇತ ಗಾಳಿಗೆ ಹಾರಿಹೋಗಿತ್ತು. ಹಾಗಾಗಿ ಈ ಸಂಜೆ ಮೂವತ್ತು ಜನರ ಊಟ ಹರ್ಶೆಲನ ಅಂಗಳದ ಗುಡಿಸಲಲ್ಲೇ. ಹೋದ ವರ್ಷ ಅವನು ಕಟ್ಟಿದ್ದ ಗುಡಿಸಲು ಸೂಪು ಕುಡಿಯುತ್ತಿದ್ದ ಧರ್ಮಗುರು ರಬ್ಬಿ ಜುಸ್ಮನ್ನರ ಮೇಲೆಯೇ ಕುಸಿದು, ವರ್ಷವಿಡೀ ಜನ ಆಡಿಕೊಂಡು ನಕ್ಕಿದ್ದರು. ಈ ಸಲವೂ ಎಡವಟ್ಟಾದರೆ ತಲೆ ಎತ್ತಿ ತಿರುಗುವ ಹಾಗಿಲ್ಲ. ಅದಕ್ಕೇ ನಾಲ್ಕು ದಿನದಿಂದ ಗೋಡೆ ಭದ್ರವಾಗಿ ನಿಲ್ಲಿಸಿ, ಸೂರಿಗೆ ಹೊದಿಸಲು ತಾಳೆಗರಿ ಕೂಡಿಸಿ ಗೇಟಿನ ಮುಂದೆ ಒಟ್ಟಿದ್ದ. ಗುಡಿಸಲಿನ ಸೂರು ಸೊಪ್ಪಿನದೇ ಆಗಬೇಕು, ಸಂದಿಯಲ್ಲಿ ಚುಕ್ಕಿ ಕಾಣಬೇಕು.

ಮಧ್ಯಾಹ್ನ ಬಂದು ನೋಡುತ್ತಾನೆ, ಗೇಟಿನ ಮುಂದೆ ಒಂದು ಗರಿಯೂ ಇಲ್ಲ!

“ನೀವೇ ಹೇಳಿದ್ರಲ್ಲ, ಹಸಿರು ಕಂಡರೆ ಕೇಳದೆ ಎತ್ತಿ ಅಂತ?” ಎಂದರು ಲಾರಿಯವರು. “ನಿಮ್ಮ ಮನೆಯಿಂದಲೇ ಶುರು ಮಾಡಿದ್ವಿ, ಗೌರವಕ್ಕೆ.”

ಹರ್ಶೆಲ್ ಕಸದ ಗುಡ್ಡೆಗೆ ಓಡಿದ. ಗರಿಯೆಲ್ಲ ಯಂತ್ರದ ಬಾಯಿಗೆ ಬಿದ್ದು ಪುಡಿಯಾಗಿತ್ತು. ಮರದಿಂದ ಕಡಿಯೋಣವೆಂದರೆ, ಊರಿನ ಮರಗಳನ್ನೆಲ್ಲ ಗಾಳಿ ಮೊದಲೇ ಬೋಳಿಸಿತ್ತು. ಸೂರ್ಯ ಮುಳುಗಲು ಮೂರು ಗಂಟೆ ಬಾಕಿ. ಅವನಿಗೆ ಅಳುವೇ ಬಂತು.

“ಏನ್ ಸಾವ್ಕಾರ್ರೇ, ನೆಂಟರನ್ನ ಮಣ್ಣು ಮಾಡಿ ಬಂದಂಗಿದ್ದೀರಿ?” ಪಕ್ಕದ ಮನೆಯ ಸಿಗಡಿ ಮೀನುಗಾರ ಆಲ್ಸಿಡ್ ಬೇಲಿಯಾಚೆಯಿಂದ ಕೇಳಿದ.

“ಸೂರಿಗೆ ಸೊಪ್ಪಿಲ್ಲ ಕಣಯ್ಯಾ! ಸಂಜೆ ಮೂವತ್ತು ಜನ ಬರ್ತಾರೆ!”

ಆಲ್ಸಿಡ್‌ನ ತಾಯಿ ಓದಿಲ್ ಅಜ್ಜಿ ಸೌಟು ಹಿಡಿದೇ ಹೊರಬಂದಳು. “ನಮ್ಮ ಹಿತ್ತಲಲ್ಲಿ ಬಿದಿರು ಮೆಳೆ ಮಕಾಡೆ ಬಿದ್ದಿದೆಯಲ್ಲಪ್ಪ, ಎಷ್ಟು ಬೇಕೋ ಕಡಕೋ. ಮೊದಲು ಒಂದು ಬಟ್ಟಲು ಸಿಗಡಿ ಸಾರು ಕುಡಿ.”

“ಬೇಡಜ್ಜೀ, ನಮ್ಮ ಧರ್ಮದಲ್ಲಿ ಸಿಗಡಿ ಆಗಲ್ಲ.”

“ಮೊನ್ನೆ ಹಂದಿ ಸಾಸೇಜ್ ಕೊಟ್ಟೆ, ಆಗಲ್ಲ ಅಂದೆ. ನಿನ್ನೆ ಏಡಿ ಕೊಟ್ಟೆ, ಆಗಲ್ಲ ಅಂದೆ. ನನ್ನ ಸೂರು ಹತ್ತಿ ಇಡೀ ದಿನ ದುಡಿದವನು ನನ್ನ ಮನೆ ತುತ್ತು ಮುಟ್ಟಲ್ಲ ಅಂದ್ರೆ ನನ್ನ ಹೊಟ್ಟೆ ಉರಿಯಲ್ವೇನೋ?”

“ಏನೂ ಬೇಡಜ್ಜೀ, ಬಿದಿರು ಕೊಟ್ಯಲ್ಲ, ಅದೇ ಸಾಕು,” ಎಂದು ಹರ್ಶೆಲ್ ಅವಸರವಾಗಿ ಮೆಳೆಗೆ ನುಗ್ಗಿದ. ಅಜ್ಜಿ ಮಗನ ಮುಖ ನೋಡಿದಳು. ಮಗ ಹರ್ಶೆಲನ ಬೋಳು ಗುಡಿಸಲನ್ನು ನೋಡಿದ.

ಕೈ ತರಚಿ, ಅಂಗಿ ಹರಿದು, ಏಣಿಯಿಂದ ಎರಡು ಸಲ ಜಾರಿ, ಅಂತೂ ಇಂತೂ ಬಿದಿರ ಸೊಪ್ಪು ಹೊದಿಸಿದ. ಕೆಳಗೆ ನಿಂತು ನೋಡಿದರೆ ಸಂದಿಯಲ್ಲಿ ಆಕಾಶ ಇಣುಕುತ್ತಿತ್ತು. ಅಬ್ಬಾ! ಎದೆ ಮೇಲಿದ್ದ ಕಲ್ಲು ಇಳಿಸಿದ ಹಾಗಾಯಿತು. ಸ್ನಾನ ಮುಗಿಸಿ ಸಂಜೆಯ ಪ್ರಾರ್ಥನೆಗೆ ಹೊರಟ. ಬೆಸ್ಸಿ ಮೊದಲೇ ಸಿನಗಾಗಿನ ಅಡುಗೆಮನೆಯಲ್ಲಿದ್ದಳು.

ಕತ್ತಲಾದ ಮೇಲೆ ಮೂವತ್ತು ಜನ ಸೂಪು, ರೊಟ್ಟಿ, ಮಾಂಸದ ಪಾತ್ರೆ ಹೊತ್ತು ಮೆರವಣಿಗೆಯಂತೆ ಬಂದರು. ಮುಂದೆ ಹರ್ಶೆಲ್, ಪಕ್ಕದಲ್ಲಿ ರಬ್ಬಿ.

“ಈ ಸಲ ಬೀಳಲ್ಲ ತಾನೇ?” ಎಂದರು ರಬ್ಬಿ.

“ನೀವೇ ನೋಡಿ ಗುರುಗಳೇ, ಚುಕ್ಕಿ ಎಣಿಸಬಹುದು!” ಎಂದು ಹೆಮ್ಮೆಯಿಂದ ಒಳಗೆ ಕಾಲಿಟ್ಟು ತಲೆ ಎತ್ತಿದವನು ಹಾಗೇ ನಿಂತ.

ಚುಕ್ಕಿಯಿಲ್ಲ. ಬಿದಿರಿಲ್ಲ. ಗೋಡೆಯಿಂದ ಗೋಡೆಗೆ ತಗಡು, ಸಾಲಾಗಿ ಹೊಡೆದ ಮೊಳೆ. ಕೆಳಗೆ ಆಲ್ಸಿಡ್ ಮತ್ತು ಅವನ ದೋಣಿಯ ನಾಲ್ಕು ಜನ ಬೆವರೊರೆಸುತ್ತ ಹಲ್ಲುಬಿಟ್ಟು ನಿಂತಿದ್ದರು.

“ಊರಿಗೆಲ್ಲ ಸೂರು ಹಾಕಿದವರು ನೀವು ಸೊಪ್ಪಿನ ಕೆಳಗೆ ಊಟ ಮಾಡೋದಾ? ನಾಚಿಕೆಯಾಯ್ತು ನಮಗೆ!” ಎಂದ ಆಲ್ಸಿಡ್. “ಇದನ್ನೂ ಆಗಲ್ಲ ಅಂದ್ರೆ ನಮ್ಮಮ್ಮ ಬಿಡಲ್ಲ, ನೋಡಿ.”

ಹರ್ಶೆಲ್ ರಬ್ಬಿಯ ಕಿವಿಗೆ ಬಾಗಿದ. “ಗುರುಗಳೇ, ಬಿಚ್ಚಿಸಿಬಿಡೋಣವಾ?” ಎಂದು ಪಿಸುಗುಟ್ಟಿದ.

“ಹಬ್ಬ ಶುರುವಾಗೋಯ್ತಲ್ಲಪ್ಪ. ನಾವು ಬಿಚ್ಚೋ ಹಾಗಿಲ್ಲ, ಬಿಚ್ಚಿ ಅಂತ ಅವರಿಗೆ ಹೇಳೋ ಹಾಗೂ ಇಲ್ಲ.” ರಬ್ಬಿ ಗಡ್ಡ ನೀವಿದರು. “ಇದು ಒಳ್ಳೇ ಕೊಟ್ಟಿಗೆ ಕಣಪ್ಪ. ಗುಡಿಸಲಂತೂ ಅಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಮುಂದಿನ ವರ್ಷದವರೆಗಿನ ನಗೆ ಅಲ್ಲೇ ಶುರುವಾಗಿತ್ತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ ಹರ್ಶೆಲ್.

ಅಷ್ಟರಲ್ಲಿ ತಗಡಿನ ಮೇಲೆ ಟಪ್ ಎಂದಿತು. ಮತ್ತೊಂದು ಟಪ್. ಆಮೇಲೆ ಹಂಡೆ ಬೋರಲು ಹಾಕಿದಂತೆ ಮಳೆ.

ರಬ್ಬಿಯ ಮುಖ ಅರಳಿತು. “ಮಳೆ! ಇಷ್ಟು ಮಳೇಲಿ ಗುಡಿಸಲಲ್ಲೇ ಕೂರಬೇಕು ಅಂತಿಲ್ಲ. ಎಲ್ಲಿ ಒಣಗಿದೆಯೋ ಅಲ್ಲಿ ಉಣ್ಣಬಹುದು. ಇಲ್ಲಿ ಒಣಗಿದೆ, ಕೂತ್ಕೊಳ್ರಪ್ಪಾ!”

ಹೋ ಎಂದು ಎಲ್ಲರೂ ಕೂತರು. ಆಲ್ಸಿಡ್‌ನವರಿಗೂ ಎಲೆಕೋಸಿನ ಸುರುಳಿ ಬಡಿಸಿದರು. ಬೇಲಿಯಾಚೆಯಿಂದ ಬಂದ ಓದಿಲ್ ಅಜ್ಜಿ ಎರಡು ಸಲ ಸೂಪು ಹಾಕಿಸಿಕೊಂಡು, ಉಪ್ಪು ಕಮ್ಮಿ ಎಂದಳು. ಒಬ್ಬರ ಮೇಲೂ ಒಂದು ಹನಿ ಬೀಳಲಿಲ್ಲ. ಬದುಕಿದೆ ಎಂದುಕೊಂಡ ಹರ್ಶೆಲ್. ಇಷ್ಟು ನೆಮ್ಮದಿಯಾಗಿ ಅವನು ಹತ್ತು ದಿನದಲ್ಲಿ ಉಂಡಿರಲಿಲ್ಲ.

“ನಿನ್ನ ಕೈ ದೊಡ್ಡದು ಕಣೋ ಆಲ್ಸಿಡ್,” ಎಂದು ಬೆನ್ನು ತಟ್ಟಿದ. “ಊರಲ್ಲೆಲ್ಲ ಹುಡುಕಿದ್ರೂ ತಗಡು ಸಿಗ್ತಿಲ್ಲ. ನಿನಗೆಲ್ಲಿ ಸಿಕ್ತು?”

“ಅಯ್ಯೋ, ನಾವೆಲ್ಲಿಂದ ತರೋಣ ಸಾವ್ಕಾರ್ರೇ? ನಿಮ್ಮ ಹಿತ್ತಲಲ್ಲೇ ಹೊಸದು ಬಿದ್ದಿತ್ತಲ್ಲ! ಸ್ವಲ್ಪ ಉದ್ದ ಇತ್ತು, ಅಳತೆಗೆ ಸರಿಯಾಗಿ ಎಲ್ಲಾನೂ ಕತ್ತರಿಸಿ ಹೊಡೆದ್ವಿ.”

ಮನೆಯೊಳಗಿನಿಂದ, ಮಲಗುವ ಕೋಣೆಯ ಕಡೆಯಿಂದ, ಹಾಸಿಗೆಯ ಮೇಲೆ ನೀರು ಧೋ ಎಂದು ಸುರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಬೆಸ್ಸಿ ಸೌಟನ್ನು ಮೆಲ್ಲಗೆ ಪಾತ್ರೆಯಲ್ಲಿಟ್ಟು ಗಂಡನ ಕಡೆ ತಿರುಗಿದಳು.

“ಬೇರೆಯವರ ಸೂರಿಗಂತೂ ಹೋಗಿಲ್ಲ ಕಣೇ ಬೆಸ್ಸಿ,” ಎಂದ ಹರ್ಶೆಲ್.