ತಗಡಿನ ಖೋಲಿಯಲ್ಲಿ ಅಮರಯ್ಯನವರ ತಾಪಸಮರ

ಸಕಲ ಜೀವಕೋಶಗಳ ಒಡಲಲ್ಲಿ ಕಣ್ಣಿಗೆ ಕಾಣದೆ ಕಾವಲು ನಿಂತ ತಾಪಾಘಾತ ಪ್ರೋಟೀನುಗಳಿರಾ, ಮಡಿಕೆ ತಪ್ಪಿದ ಸೋದರ ಪ್ರೋಟೀನುಗಳನ್ನು ಹಿಡಿದು ನೆಟ್ಟಗೆ ಮಡಿಸುವ ಮಹಾನುಭಾವರಿರಾ, ಪ್ರಸನ್ನರಾಗಿರಿ! ಕಲಿಯುಗದ ವೈಶಾಖದಲ್ಲಿ, ಕಾಗೆಗಳೂ ನೆರಳು ಬಿಟ್ಟು ಹಾರಲೊಲ್ಲದ ರಾಯಚೂರಿನಲ್ಲಿ, ನಿವೃತ್ತ ಜೀವಶಾಸ್ತ್ರ ಮಾಸ್ತರ ಅಮರಯ್ಯನವರು ಮರೆವೆಂಬ ಮಹಾದೈತ್ಯನ ಮೇಲೆ ಸಮರ ಸಾರಿದ ಕಥೆಯಿದು.

ಸಮರಕ್ಕೆ ಕಾರಣವಿತ್ತು. ಯುಗಾದಿಗೆ ಅಕ್ಕನ ಮನೆಗೆ ಹೋದಾಗ, ಅವರನ್ನು ಎತ್ತಿ ಆಡಿಸಿದ ಆ ಅಕ್ಕನೇ ಮುಖ ದಿಟ್ಟಿಸಿ, "ಯಾರ ಪೈಕಿ ನೀ?" ಎಂದು ಕೇಳಿದ್ದಳು. ಅಂದಿನಿಂದ ಅವರಿಗೆ ಊಟ ರುಚಿಸಿರಲಿಲ್ಲ. ಕೆಟ್ಟು ಮುದ್ದೆಗಟ್ಟಿದ ಪ್ರೋಟೀನುಗಳು ಮಿದುಳನ್ನು ಮುತ್ತುವ ಬಗೆಯನ್ನು ಓದಿದರು; ಮೈ ಕಾದರೆ ಅವನ್ನು ನೆಟ್ಟಗೆ ಮಡಿಸುವ ಕಾವಲುಭಟರು ಹೆಚ್ಚುವರೆಂದೂ ಓದಿದರು. ಅಷ್ಟೇ ಸಾಕಾಯಿತು.

ನಡುಹಗಲು. ಮಾಳಿಗೆಯ ಮೇಲಿನ ತಗಡಿನ ಖೋಲಿಯೇ ರಣಾಂಗಣ. ಅತ್ತೆ ಹೊಲಿದ ಕೌದಿಯನ್ನೇ ಅಭೇದ್ಯ ಕವಚವಾಗಿ ಹೊದ್ದ, ಸ್ವೇದಬಿಂದುಮುಕುಟಮಂಡಿತ, ಶ್ವೇತಬನಿಯನ್‌ಧಾರಿ ಅಮರಯ್ಯನವರು ಬಾಗಿಲಲ್ಲಿ ನಿಂತು ಗರ್ಜಿಸಿದರು: "ಗುರುಬಸಮ್ಮಾ, ಕೇಳು! ಇವತ್ತಿನಿಂದ ನನ್ನ ಮಿದುಳಿನಾಗ ಒಂದ್ ಹೆಸರೂ ಅಳಿಯಂಗಿಲ್ಲ! ಸೂರ್ಯ ಸೋತರೂ ನಾ ಸೋಲಂಗಿಲ್ಲ!"

ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಪತ್ನಿ ಮೆಟ್ಟಿಲೇರಿ ಬಂದರು.

"ಏನ್ರೀ, ರಾಯಚೂರಾಗ ಮೈ ಕಾಯ್ಸಾಕ ಕೌದಿ ಬೇಕೇನು? ನಳ ತಿರುವಿದ್ರ ಕುದಿಯೋ ನೀರ ಬರ್ತಾವ. ಅಲ್ಲಾ, ನಿಮ್ಮ ಆ ಕಾವಲಿನವ್ರು ಚಲೋ ಕೋಶಗಳನ್ನಷ್ಟ ಕಾಯ್ತಾರೇನು?"

ಬಾಣ ನೇರವಾಗಿ ನಾಟಿತು. ತರಗತಿಯಲ್ಲಿ ಎಂದೂ ಸುಳ್ಳಾಡದ ನಾಲಗೆ ತಡವರಿಸಿತು. "ಇಲ್ಲ... ಕ್ಯಾನ್ಸರ್ ಕೋಶಗಳೂ ಅವ್ರ ಬೆನ್ನ ಹಿಂದನ ಅಡಗ್ತಾವ. ಒಮ್ಮೊಮ್ಮೆ ಔಷಧಕ್ಕೂ ಜಗ್ಗಂಗಿಲ್ಲ."

"ಹಂಗಾರ ಯಾರ ಸಲುವಾಗಿ ದಂಡು ಕೂಡಿಸಾಕತ್ತೀರಿ?"

ವೀರರು ಒಳಸರಿದು ಕದ ಮುಂದಕ್ಕೆಳೆದುಕೊಂಡರು. ಸಹಸ್ರಕಿರಣನು ತಗಡಿನ ಮೇಲೆ ಅಗ್ನಿಶರಗಳನ್ನು ಸುರಿಸಿದನು. ಅಮರಯ್ಯನವರು ಹಲ್ಲು ಕಚ್ಚಿ, ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಜಪಿಸುತ್ತ ಎದೆಯೊಡ್ಡಿದರು. ಗಂಟಲೊಣಗಿತು, ಹೆಸರುಗಳು ಕಲಸಿಹೋದವು, ಕಣ್ಣು ಕತ್ತಲಿಟ್ಟಿತು.

ಧಡ್ ಎಂಬ ಸದ್ದಿಗೆ ಓಡಿಬಂದ ಗುರುಬಸಮ್ಮ, ಯಜಮಾನರನ್ನು ಕೌದಿ ಸಮೇತ ನೆರಳಿಗೆಳೆದು ತಲೆಗೆ ನೀರು ಸುರಿದರು, ಮಜ್ಜಿಗೆ ಕುಡಿಸಿದರು. "ನಾ ಯಾರು, ಹೇಳ್ರಿ?" ಎಂದು ಕೆನ್ನೆ ತಟ್ಟಿದರು.

"ಗುರುಬಸೂ..."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮನಸಾರೆ ಬೈದರು.

ಸಂಜೆಗೆ ತಪಸ್ಸಿನ ಫಲ ಸಿದ್ಧಿಸಿತು. ಮರೆವಿನ ದೈತ್ಯನ ಕೂದಲೂ ಕೊಂಕಿರಲಿಲ್ಲ; ಮಹಾವೀರರ ಮೈತುಂಬ ಬೆವರುಸಾಲೆ ಎದ್ದಿತ್ತು. ಪೌಡರ್ ಡಬ್ಬಿ ಹಿಡಿದ ಪತ್ನಿಗೆ ಬೆನ್ನು ತೋರಿಸಿ ಕುಳಿತ ಅಮರಯ್ಯನವರು ಕ್ಷೀಣಸ್ವರದಲ್ಲಿ ನುಡಿದರು:

"ಅಲ್ಲಲ್ಲ... ಸ್ವಲ್ಪ ಎಡಕ್ಕ."